ಮಗು ಬಾಯಿ ಬಿಟ್ಟಾಗ

(ಗಿರಣಿ ಕೆಲಸಗಾರರು, ಸಣ್ಣ ವ್ಯಾಪಾರಿಗಳು ಹಾಗೂ ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನನಗೆ ಒಪ್ಪಿಸಿರುವ ವಿಷಯ ನಾಲಿಗೆ ತಡವರಿಸುವಂಥದು. ಬೋನಸ್ಸಿನ ಮಾತಾದರೆ ನಾವು ಗಟ್ಟಿಯಾಗಿ ಆಡುತ್ತೇವೆ. ತೆರಿಗೆಯ ಮಾತಾದರೆ ವ್ಯಾಪಾರಿ ಬಂಧುಗಳ ಗಂಟಲಿಗೆ ಮೈಕು ಬೇಕಾಗುವುದಿಲ್ಲ. ಆದರೆ ಎಳೆಯ ಮಕ್ಕಳ ಮೈಮೇಲೆ ದೊಡ್ಡವರು ಕೈ ಹಾಕುವ ಮಾತು ಬಂದ ಕೂಡಲೆ ಸಭೆಯಲ್ಲಿ ಕೆಮ್ಮು ಹೆಚ್ಚುತ್ತದೆ, ನಾಲ್ಕು ಜನ ಬೀಡಿ ಹಚ್ಚಲು ಎದ್ದು ಹೊರಗೆ ಹೋಗುತ್ತಾರೆ. ದಯವಿಟ್ಟು ಹೋಗಬೇಡಿ, ಕೂತು ಕೇಳಿ. ನಾವು ಕತ್ತು ತಗ್ಗಿಸಿದಷ್ಟೂ ಆ ಕೆಲಸ ಮಾಡುವವನಿಗೆ ಅನುಕೂಲ.

ವಿಷಯ ಇಷ್ಟು. ಮಗುವೊಂದು ತನಗಾದದ್ದನ್ನು ಬಾಯಿ ಬಿಟ್ಟು ಹೇಳಿದಾಗ ಅದನ್ನು ನೋಡಿಕೊಳ್ಳುವ ಹೆಂಗಸು ಏನು ಮಾಡಬೇಕು, ಏನು ಮಾಡಕೂಡದು? ಅವಳು ಮಾಡಬೇಕಾದ್ದನ್ನು ಮಾಡಿದಾಗ ನಾವು, ಈ ಊರಿನ ದುಡಿಯುವ ಜನ, ಎಲ್ಲಿ ನಿಂತಿರಬೇಕು? ಎರಡನೆಯ ಪ್ರಶ್ನೆಯನ್ನು ಕೈಬಿಟ್ಟು ಮೊದಲನೆಯದನ್ನಷ್ಟೇ ಹೇಳಿಕೊಟ್ಟರೆ ಹೆಚ್ಚು ಫಲವಿಲ್ಲವೆಂಬುದು ನನ್ನ ಅಭಿಪ್ರಾಯ.

ಗಂಡ ಒಂದು ಪಾಳಿ, ಹೆಂಡತಿ ಇನ್ನೊಂದು ಪಾಳಿ, ಇಲ್ಲವೆ ಅವಳದು ಮನೆಗೆಲಸ, ಬೀಡಿ, ಹೂವು, ತರಕಾರಿ. ಹೀಗೆ ಬದುಕುವ ಮನೆಯ ಮಗು ಎಚ್ಚರವಾಗಿರುವ ಹೊತ್ತಿನಲ್ಲಿ ಹೆಚ್ಚಿನ ಪಾಲು ಯಾರ ಕಣ್ಣೆದುರು ಇರುತ್ತದೆ? ಅಂಗನವಾಡಿಯ ಟೀಚರಮ್ಮನ ಎದುರು, ಅಲ್ಲಿನ ಸಹಾಯಕಿಯ ಎದುರು. ನಮ್ಮ ರಾಜ್ಯದಲ್ಲಿ ಈ ವ್ಯವಸ್ಥೆ 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ನೂರು ಕೇಂದ್ರಗಳಿಂದ ಮೊದಲಾಯಿತು. ಅದಕ್ಕೂ ಹಿಂದೆಯೇ 1948ರ ಕಾರ್ಖಾನೆ ಕಾಯಿದೆ, ಹೆಂಗಸರು ಹೆಚ್ಚಾಗಿ ದುಡಿಯುವ ಕಾರ್ಖಾನೆಯಲ್ಲಿ ಅವರ ಮಕ್ಕಳಿಗೆ ಶಿಶುಮಂದಿರ ಇರಬೇಕೆಂದು ಹೇಳಿತ್ತು. ಎಷ್ಟು ಮಾಲೀಕರು ಮನಸ್ಸಿಟ್ಟು ನಡೆಸಿದರೆಂಬುದು ನಿಮಗೇ ಗೊತ್ತು. ಇರಲಿ. ಅಂಗನವಾಡಿಯಾಗಲಿ ಶಿಶುಮಂದಿರವಾಗಲಿ, ಅಲ್ಲಿ ಮಗುವಿಗೆ ಅನ್ನ ಬಡಿಸುವ, ಮೂಗು ಒರೆಸುವ, ಚಡ್ಡಿ ಬದಲಿಸುವ ಕೈಯೇ ಮಗು ನಂಬುವ ಕೈ. ಅಪ್ಪನ ಹತ್ತಿರ ಹೇಳದ್ದನ್ನು ಮಗು ಆ ಕೈಯ ಹತ್ತಿರ ಹೇಳುತ್ತದೆ.

ನಮ್ಮ ಮಕ್ಕಳಿಗೆಲ್ಲಿ ಹಾಗೆ ಆಗುತ್ತದೆ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆ 2007ರಲ್ಲಿ ಒಂದು ಸಮೀಕ್ಷೆಯ ವರದಿ ಹೊರತಂದಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಮಾಡಿದ್ದು. ಅವರಲ್ಲಿ ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆಗೆ ಗುರಿಯಾದವರು. ಆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ಗಂಡುಹುಡುಗನಿಗೇನು ಭಯ ಎನ್ನುವ ಅಪ್ಪಂದಿರು ಇದನ್ನು ಗಮನಿಸಬೇಕು. ಕೈ ಹಾಕಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಯದವರು, ಮಗು ನಂಬಿದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಹೇಳದೆ ಇರುವುದೇ ರೂಢಿಯಾಗಿರುವಾಗ ಒಂದು ಮಗು ಹೇಳಿತೆಂದರೆ ಅದು ದೊಡ್ಡ ಧೈರ್ಯ ಮಾಡಿದೆ ಎಂದೇ ಅರ್ಥ.

ಮಗು ಹೇಗೆ ಹೇಳುತ್ತದೆ? ನಮ್ಮ ಹಾಗೆ ಕುಳಿತು ಮೊದಲಿನಿಂದ ಕೊನೆಯವರೆಗೆ ವಿವರಿಸುವುದಿಲ್ಲ. ಉಪ್ಪಿಟ್ಟು ತಿನ್ನುತ್ತಾ ತಿನ್ನುತ್ತಾ, "ನಾ ಆ ಮಾಮನ ಮನೇಗೆ ಹೋಗಲ್ಲ" ಎನ್ನುತ್ತದೆ. ಬೊಂಬೆಯ ಬಟ್ಟೆ ಬಿಚ್ಚಿ ಏನೋ ಮಾಡಿ ತೋರಿಸುತ್ತದೆ. "ಇಲ್ಲಿ ಉರೀತದೆ" ಎಂದು ಅಳುತ್ತದೆ. ಅರ್ಧ ಹೇಳಿ ಆಟಕ್ಕೆ ಓಡುತ್ತದೆ. ಟೀಚರಮ್ಮ ಬೈಯುತ್ತಾಳೋ ಇಲ್ಲವೋ ಎಂದು ಕಣ್ಣಂಚಿನಲ್ಲಿ ನೋಡುತ್ತದೆ. ಬೈಯಲಿಲ್ಲವಾದರೆ ಮರುದಿನ ಇನ್ನೊಂದು ಚೂರು ಹೇಳುತ್ತದೆ. ಆ ಮೊದಲ ಗಳಿಗೆಯಲ್ಲಿ ದೊಡ್ಡವರ ಮುಖ ಹೇಗಾಯಿತೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. "ಅಯ್ಯೋ ಶಿವನೇ!" ಎಂದು ಎದೆ ಬಡಿದುಕೊಂಡರೆ ಮಗು ತಾನೇ ಏನೋ ಕೆಟ್ಟದ್ದು ಮಾಡಿದೆನೆಂದು ತಿಳಿದು ಬಾಯಿ ಮುಚ್ಚುತ್ತದೆ. "ಹಂಗೆಲ್ಲಾ ಹೇಳಬಾರದು, ದೊಡ್ಡೋರು ಅವರು" ಎಂದರಂತೂ ಮುಗಿದೇ ಹೋಯಿತು.

ಆದ್ದರಿಂದ ಸೋದರಿಯರೆ, ಮೊದಲು ನಿಮ್ಮ ಮುಖ ಸಮಾಧಾನವಾಗಿರಲಿ. ಒಳಗೆ ಹೊಟ್ಟೆ ಕಿವುಚಿದರೂ ಹೊರಗೆ ತೋರಿಸಬೇಡಿ. ಮಗುವನ್ನು ಸ್ವಲ್ಪ ಪಕ್ಕಕ್ಕೆ, ಬೇರೆ ಮಕ್ಕಳ ಕಿವಿಗೆ ಬೀಳದ ಕಡೆ ಕರೆದೊಯ್ಯಿರಿ. ಬಾಗಿಲು ಹಾಕಿಕೊಳ್ಳಬೇಡಿ, ಅಂಥ ಮಗುವಿಗೆ ಹಾಕಿದ ಬಾಗಿಲೆಂದರೆ ಭಯ. ನೆಲಕ್ಕೆ ಕುಳಿತುಕೊಳ್ಳಿ, ನಿಮ್ಮ ಕಣ್ಣು ಮಗುವಿನ ಕಣ್ಣಿನ ಮಟ್ಟಕ್ಕೆ ಬರಲಿ. ಹೇಳುವುದನ್ನು ಅದರ ಪಾಡಿಗೆ ಹೇಳಲು ಬಿಡಿ. ನಿಂತರೆ "ಹೂಂ, ಆಮೇಲೆ?" ಎನ್ನಿ. ಅದಕ್ಕಿಂತ ಹೆಚ್ಚು ಬೇಡ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಕೇಳಲೇಬೇಡಿ. ಅದು ಪ್ರಶ್ನೆಯಂತೆ ಕೇಳಿಸಿದರೂ ಮಗುವಿಗೆ ಬೈಗಳು. ಕೊನೆಗೆ ಮೂರು ಮಾತು ಹೇಳಿ: ನೀನು ಹೇಳಿದ್ದು ಒಳ್ಳೇದಾಯಿತು, ನಾನು ನಂಬುತ್ತೇನೆ, ನಿನ್ನದೇನೂ ತಪ್ಪಿಲ್ಲ.

"ಯಾರಿಗೂ ಹೇಳಬೇಡ ಟೀಚರಮ್ಮ, ಆಣೆ ಹಾಕು" ಎಂದು ಮಗು ಕೇಳೀತು. ಇಲ್ಲಿ ಒಳ್ಳೆಯ ಮನಸ್ಸಿನವರೇ ಜಾರುತ್ತಾರೆ. ಆಣೆ ಹಾಕಕೂಡದು. ಗುಟ್ಟೆಂದೇ ಆ ಮನುಷ್ಯನೂ ಮಗುವಿನ ಬಾಯಿ ಮುಚ್ಚಿಸಿದ್ದಾನೆ. ನೀವೂ ಇನ್ನೊಂದು ಗುಟ್ಟು ಹೊರಿಸಿ, ನಾಳೆ ಅದನ್ನು ಮುರಿದರೆ ಮಗು ಯಾರನ್ನು ನಂಬಬೇಕು? "ನಿನ್ನನ್ನು ಕಾಪಾಡುವವರಿಗೆ ಮಾತ್ರ ಹೇಳುತ್ತೇನೆ, ಬೇರೆ ಯಾರಿಗೂ ಇಲ್ಲ" ಎನ್ನಿ, ಹಾಗೆಯೇ ನಡೆದುಕೊಳ್ಳಿ. ಅವನನ್ನು ಜೈಲಿಗೆ ಹಾಕಿಸುತ್ತೇನೆ, ಇನ್ನು ಏನೂ ಆಗುವುದಿಲ್ಲ ಎಂಬ ಭರವಸೆಗಳೂ ಬೇಡ. ಅವು ನಿಮ್ಮ ಕೈಯಲ್ಲಿಲ್ಲ.

ಇನ್ನೊಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವ್ಯಾಪಾರಿ ಬಂಧುಗಳಲ್ಲಿ ಕೆಲವರಿಗೆ ನಿರಪರಾಧಿಯ ಗತಿಯೇನು ಎಂಬ ಶಂಕೆ ಇದೆ. ಶಂಕೆ ನ್ಯಾಯವಾದದ್ದೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಕ್‌ಮಾರ್ಟಿನ್ ಎಂಬ ಶಿಶುವಿಹಾರ ಇತ್ತು. 1983ರಲ್ಲಿ ಅಲ್ಲಿ ಕೆಲಸ ಮಾಡುವವರ ಮೇಲೆ ಇಂಥ ಆಪಾದನೆ ಬಂತು. ತನಿಖೆಗೆ ಬಂದವರು ಮಕ್ಕಳನ್ನು ಕೂರಿಸಿಕೊಂಡು, ಬೇರೆ ಮಕ್ಕಳೆಲ್ಲ ಹೇಳಿದ್ದಾರೆ ನೀನೂ ಹೇಳು ಎಂಬ ಧಾಟಿಯಲ್ಲಿ, ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಮತ್ತೆ ಮತ್ತೆ ಕೇಳಿದರು. ಮಕ್ಕಳ ಬಾಯಿಂದ ನಂಬಲಾಗದ ಕಥೆಗಳು ಹೊರಟವು. ಏಳು ವರ್ಷ ಮೊಕದ್ದಮೆ ನಡೆದು 1990ರಲ್ಲಿ ಯಾರೊಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. ಆಪಾದನೆ ಸುಳ್ಳಾಗಿದ್ದರೆ ಅಮಾಯಕರ ಬಾಳು ಹಾಳಾಯಿತು. ಒಂದು ವೇಳೆ ಅದರಲ್ಲಿ ನಿಜವಿದ್ದರೂ ಪ್ರಶ್ನೆಗಳ ರಾಶಿಯಲ್ಲಿ ಅದು ಹೂತು ಹೋಯಿತು. ಪಾಠ ನಮಗೂ ಅನ್ವಯಿಸುತ್ತದೆ. "ಚಿಕ್ಕಪ್ಪ ಮುಟ್ಟಿದನಾ? ಇಲ್ಲಿ ಮುಟ್ಟಿದನಾ?" ಎಂದು ಹೆಸರನ್ನೂ ಜಾಗವನ್ನೂ ನೀವೇ ಕೊಡಬೇಡಿ. ತನಿಖೆ ಪೋಲೀಸರ ಕೆಲಸ, ನಿಮ್ಮದಲ್ಲ. ಮಗುವಿನ ಮೈ ಪರೀಕ್ಷೆ ವೈದ್ಯರ ಕೆಲಸ, ಬಟ್ಟೆ ಬಿಚ್ಚಿಸಿ ನೋಡಬೇಡಿ. ನಿಮ್ಮದು ಕೇಳಿಸಿಕೊಳ್ಳುವ ಕೆಲಸ, ಮುಟ್ಟಿಸುವ ಕೆಲಸ. ಇಷ್ಟನ್ನು ನೆಟ್ಟಗೆ ಮಾಡಿದರೆ ಮಗುವಿಗೂ ರಕ್ಷೆ, ತಪ್ಪು ಮಾಡದವನಿಗೂ ರಕ್ಷೆ.

ಕೇಳಿಸಿಕೊಂಡ ಮೇಲೆ ಅವತ್ತೇ ಬರೆದಿಡಿ. ಇದಕ್ಕೆ ಬೇರೆಯೇ ಒಂದು ನೋಟ್‌ಬುಕ್ಕು ಇರಲಿ, ಬೀಗದ ಪೆಟ್ಟಿಗೆಯಲ್ಲಿರಲಿ. ದಿನ, ಹೊತ್ತು, ಯಾವ ಸಂದರ್ಭದಲ್ಲಿ ಮಾತು ಬಂತು, ನೀವೇನು ಕೇಳಿದಿರಿ, ಮಗು ಏನು ಹೇಳಿತು. ಮೈಯ ಭಾಗಗಳಿಗೆ ಮಗು ಮನೆಯಲ್ಲಿ ಆಡುವ ಯಾವ ಮಾತು ಬಳಸಿತೋ ಅದನ್ನೇ ಬರೆಯಿರಿ, ನಾಚಿಕೊಂಡು ಗ್ರಂಥದ ಮಾತು ಹಾಕಬೇಡಿ. ನಾಲ್ಕು ವರ್ಷದ ಕೂಸು "ಗುಪ್ತಾಂಗ" ಎಂದಿತೆಂದು ಬರೆದರೆ ನ್ಯಾಯಾಲಯದಲ್ಲಿ ಎದುರು ವಕೀಲ ನಕ್ಕಾನು. ಘಟನೆ ಹೊಸದಾಗಿದ್ದರೆ ಮಗುವಿಗೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬದಲಿಸಲೇಬೇಕಾದರೆ ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ಕಿನಲ್ಲಿ ಬೇಡ. ಆಸ್ಪತ್ರೆಗೆ ಹೋಗುವುದನ್ನು ನಾಳೆ ನಾಡಿದ್ದೆಂದು ತಳ್ಳಬೇಡಿ. ಎಚ್‌ಐವಿ ತಗಲದಂತೆ ಕೊಡುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಪೋಲೀಸರ ಕಾಗದ ತನ್ನಿ ಎಂದು ವೈದ್ಯರು ತಿರುಗಿಸಿ ಕಳಿಸುವ ಹಾಗಿಲ್ಲ. ಖಾಸಗಿ ಆಸ್ಪತ್ರೆಯೂ ಬಿಟ್ಟಿಯಾಗಿ ಚಿಕಿತ್ಸೆ ಕೊಡಬೇಕು.

ಇನ್ನು ಕಾಯಿದೆ. 2012ರ ಪೋಕ್ಸೋ ಕಾಯಿದೆ ಎಂಬ ಹೆಸರು ನೀವು ಕೇಳಿರುತ್ತೀರಿ. ಹದಿನೆಂಟು ತುಂಬದ ಹೆಣ್ಣು ಗಂಡು ಎರಡಕ್ಕೂ ಅದು ಅನ್ವಯ. ಅದರ 19ನೆಯ ಕಲಮಿನ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದವರು, ಯಾರೇ ಆಗಲಿ, ಪೋಲೀಸರಿಗೆ ಅಥವಾ ವಿಶೇಷ ಬಾಲ ಪೋಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು, ದಂಡವಾಗಬಹುದು. ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವ ಹಾಗಿಲ್ಲ. ದ್ವೇಷಕ್ಕಾಗಿ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಶಿಕ್ಷೆ ಉಂಟು, ಮಗುವಿಗಿಲ್ಲ. ಫೋನಿನಲ್ಲಿ 1098 ಒತ್ತಿದರೆ ಮಕ್ಕಳ ಸಹಾಯವಾಣಿ, ತುರ್ತಾದರೆ 112. ಪೋಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು.

ಠಾಣೆಯ ಭಯ ನಮ್ಮ ಜನಕ್ಕೆ ಸಹಜ. ಆದರೆ ಈ ಕಾಯಿದೆಯಲ್ಲಿ ಮಗುವನ್ನು ಠಾಣೆಗೆ ಎಳೆದೊಯ್ಯಬೇಕಾಗಿಲ್ಲ. ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಹೇಳಿಕೆ ಬರೆದುಕೊಳ್ಳಬೇಕು. ಸಾಧ್ಯವಾದ ಮಟ್ಟಿಗೂ ಹೆಂಗಸು ಸಬ್‌ಇನ್‌ಸ್ಪೆಕ್ಟರೇ ಬರಬೇಕು, ಖಾಕಿ ತೊಟ್ಟು ಬರಕೂಡದು, ಮಗು ನಂಬುವವರೊಬ್ಬರು ಪಕ್ಕದಲ್ಲಿರಬೇಕು. ಆ ಒಬ್ಬರು ಟೀಚರಮ್ಮನೇ ಆಗಬಹುದು. ರಾತ್ರಿ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಾದರೆ ಪರೀಕ್ಷೆ ಮಾಡುವವರು ಹೆಂಗಸು ವೈದ್ಯರೇ ಆಗಿರಬೇಕು. ಕೂಲಿ ಬಿಟ್ಟು ಓಡಾಡುವ ತಾಯಿತಂದೆಗೆ ಅನ್ನ, ಬಟ್ಟೆ, ಬಸ್ಸಿನ ಖರ್ಚಿಗೆ ತುರ್ತು ಪರಿಹಾರವನ್ನು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು. ಮಾಡಿದರೆ ಒಂದು ವಾರದಲ್ಲಿ ಹಣ ಸಿಗಬೇಕೆಂದು 2020ರ ನಿಯಮ ಹೇಳುತ್ತದೆ. ಇದೆಲ್ಲ ಕಾಗದದ ಮೇಲಿನ ಮಾತು, ನಡೆಯುತ್ತದೆಯೆ ಎಂದು ಕೇಳುತ್ತೀರಿ. ಕೇಳುವವರಿದ್ದ ಕಡೆ ನಡೆಯುತ್ತದೆ. ಕನಿಷ್ಠ ಕೂಲಿಯೂ ಹಾಗೇ ತಾನೆ?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಕಾಯಿದೆ ಹೀಗಿದ್ದರೂ ಟೀಚರಮ್ಮ ಫೋನು ಎತ್ತಲು ಯಾಕೆ ಹಿಂಜರಿಯುತ್ತಾಳೆ? ಅವಳಿಗೆ ದಯೆಯಿಲ್ಲವೆಂದೆ? ಅವಳು ಅದೇ ಬೀದಿಯಲ್ಲಿ ಬದುಕಬೇಕು. ಕೇಂದ್ರಕ್ಕೆ ಜಾಗ ಕೊಟ್ಟವನು, ಪಂಚಾಯಿತಿಯಲ್ಲಿ ಕೂತವನು, ಮಗುವಿನ ಮನೆಗೆ ಸಾಲ ಕೊಟ್ಟವನು, ಇವರಲ್ಲೇ ಒಬ್ಬನ ಹೆಸರು ಮಗುವಿನ ಬಾಯಲ್ಲಿ ಬಂದರೆ? ಅವಳ ಕೈಗೆ ಬರುವುದು ಸಂಬಳವಲ್ಲ, ಗೌರವಧನ. ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಲ್ಲಿ, 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅವಳಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ಅದೇ ಕೋರ್ಟು ಹೇಳಲು 2022 ಬರಬೇಕಾಯಿತು. ಕರ್ತವ್ಯ ಹೇರುವಾಗ ಸರ್ಕಾರದವಳು, ರಕ್ಷಣೆ ಕೇಳುವಾಗ ಸ್ವಯಂಸೇವಕಿ!

ರಾಜಸ್ಥಾನದ ಭಟೇರಿಯ ಭಂವರಿ ದೇವಿಯವರ ಕಥೆ ಇದಕ್ಕೆ ಸಾಕ್ಷಿ. ಅವರು ಸರ್ಕಾರದ ಮಹಿಳಾ ಯೋಜನೆಯಲ್ಲಿ "ಸಾಥಿನ್" ಎಂಬ ಹಳ್ಳಿಯ ಕಾರ್ಯಕರ್ತೆ, ಅಲ್ಪ ಗೌರವಧನದವರು, ಜಾತಿಯಲ್ಲಿ ಕುಂಬಾರರು. 1992ರಲ್ಲಿ ಒಂದು ಎಳೆಗೂಸಿನ ಮದುವೆ ತಡೆಯಲು ಹೋದರು. ಯೋಜನೆಯವರು ಮಾಡು ಎಂದ ಕೆಲಸವನ್ನೇ ಮಾಡಿದ್ದರು. ಊರಿನ ಬಲವುಳ್ಳವರು ಅದಕ್ಕೆ ಸೇಡಾಗಿ, ಗಂಡನ ಕಣ್ಣೆದುರೇ ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. ಅತ್ಯಾಚಾರದ ಆಪಾದನೆ ಹೊತ್ತವರನ್ನು 1995ರಲ್ಲಿ ಕೆಳಗಿನ ನ್ಯಾಯಾಲಯ ಬಿಟ್ಟುಬಿಟ್ಟಿತು. ಅವರ ಪ್ರಕರಣದ ಬೆನ್ನಲ್ಲೇ 1997ರಲ್ಲಿ ವಿಶಾಖಾ ತೀರ್ಪು ಬಂದು, ಕೆಲಸದ ಜಾಗದಲ್ಲಿ ದೇಶದ ಹೆಂಗಸರಿಗೆಲ್ಲ ರಕ್ಷಣೆಯ ದಾರಿ ತೆರೆಯಿತು. ಅವರನ್ನು ಮಾತ್ರ ಊರು ದೂರವಿಟ್ಟಿತು. ಮಗುವಿನ ಪರ ನಿಂತ ಹೆಂಗಸನ್ನು ಒಂಟಿಯಾಗಿ ಬಿಟ್ಟರೆ ಏನಾಗುತ್ತದೆಂದು ತಿಳಿಯಲು ಇದಕ್ಕಿಂತ ಬೇರೆ ಪುರಾವೆ ಬೇಕೆ?

ಹಾಗಾಗಿ ಸಂಗಾತಿಗಳೆ, ಟೀಚರಮ್ಮ ಠಾಣೆಗೆ ಹೋಗುವ ದಿನ ಸಂಘದ ಇಬ್ಬರು ಅವಳ ಜೊತೆ ನಡೆಯಬೇಕು. ಒಬ್ಬರು ಹೆಂಗಸಾಗಿರಲಿ. ಅವರಿಗೆ ಮಗುವಿನ ಹೆಸರಾಗಲಿ ವಿವರವಾಗಲಿ ಬೇಡ. ಇಂಥವಳನ್ನು ಹೆದರಿಸಿದರೆ ನಮಗೆ ಉತ್ತರ ಹೇಳಬೇಕಾಗುತ್ತದೆಂದು ಊರಿಗೆ ಕಾಣಿಸಿದರೆ ಸಾಕು. ಗಿರಣಿಯಲ್ಲಿ ಒಬ್ಬ ಜಾಬರನ ಮೇಲೆ ದೂರು ಕೊಟ್ಟ ಕೆಲಸಗಾರನನ್ನು ನಾವು ಒಂಟಿಯಾಗಿ ಆಫೀಸಿಗೆ ಕಳಿಸುತ್ತೇವೆಯೆ?

ವ್ಯಾಪಾರಿ ಬಂಧುಗಳಿಗೂ ಕೆಲಸ ಉಂಟು. ಇಂಥ ಸುದ್ದಿ ಹೊರಬಿದ್ದಾಗ ಮೊದಲು ಓಡಿ ಬರುವುದು ಪೋಲೀಸರಲ್ಲ, ರಾಜಿ ಮಾಡಿಸುವವರು. ಯಾವುದೋ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಕುರ್ಚಿ ಹಾಕಿ, ಟೀ ತರಿಸಿ, ಮಗುವಿನ ಅಪ್ಪನ ಮುಂದೆ ನೋಟಿನ ಕಂತೆ ಇಟ್ಟು, "ಮನೆ ಮರ್ಯಾದೆ ನೋಡಪ್ಪಾ, ನಾಳೆ ಹುಡುಗೀನ ಯಾರು ಮಾಡಿಕೊಳ್ತಾರೆ" ಎಂದು ಬುದ್ಧಿ ಹೇಳುತ್ತಾರೆ. ಆ ಕುರ್ಚಿಯಲ್ಲಿ ಕೂರಬೇಡಿ. ಆ ಕೋಣೆ ಕೊಡಬೇಡಿ. ಈ ಅಪರಾಧ ರಾಜಿಗೆ ಬರುವಂಥದಲ್ಲ. ರಾಜಸ್ಥಾನದಲ್ಲೇ 2022ರಲ್ಲಿ ಉಪಾಧ್ಯಾಯನೊಬ್ಬನ ಮೇಲೆ ವಿದ್ಯಾರ್ಥಿನಿಯ ಕಡೆಯಿಂದ ದೂರು ಬಂತು. ಆಮೇಲೆ ತಂದೆಯ ಜೊತೆ ರಾಜಿಯಾಯಿತೆಂದು ಹೈಕೋರ್ಟು ಮೊಕದ್ದಮೆಯನ್ನೇ ರದ್ದು ಮಾಡಿತು. ಆ ಕುಟುಂಬಕ್ಕೆ ಸೇರದ ಇಬ್ಬರು ಸಾಮಾನ್ಯ ಜನ ಇದನ್ನು ಸುಮ್ಮನೆ ಬಿಡದೆ ಸುಪ್ರೀಂ ಕೋರ್ಟಿಗೆ ಹೋದರು. 2024ರ ನವೆಂಬರಿನಲ್ಲಿ ಕೋರ್ಟು ರಾಜಿಯನ್ನು ತಳ್ಳಿಹಾಕಿ, ಇಂಥದು ಖಾಸಗಿ ವ್ಯವಹಾರವಲ್ಲ, ಸಮಾಜದ ಮೇಲಿನ ಅಪರಾಧ ಎಂದು ಮೊಕದ್ದಮೆ ಮುಂದುವರಿಸಲು ಹೇಳಿತು. ಆ ಇಬ್ಬರು ಮಂತ್ರಿಗಳಲ್ಲ, ಪುಢಾರಿಗಳಲ್ಲ. ನಮ್ಮ ನಿಮ್ಮಂಥವರು.

ಮಕ್ಕಳಿಗೆ "ಒಳ್ಳೆ ಮುಟ್ಟು, ಕೆಟ್ಟ ಮುಟ್ಟು" ಎಂದು ಪಾಠ ಹೇಳುವುದು ಈಗ ಎಲ್ಲೆಲ್ಲೂ ನಡೆದಿದೆ. ಒಳ್ಳೆಯದೇ. ಆದರೆ ನಾಲ್ಕು ವರ್ಷದ ಕೂಸಿನ ಹೆಗಲ ಮೇಲೆ ಅದರ ರಕ್ಷಣೆಯ ಭಾರ ಹೊರಿಸಿ ನಾವು ಕೈತೊಳೆದುಕೊಂಡರೆ ಅದೂ ಒಂದು ಮೋಸ. ಕಿರುಚು ಎಂದು ಮಗುವಿಗೆ ಕಲಿಸಿದವರು, ಕಿರುಚಿದರೆ ಕೇಳುವವರನ್ನೂ ತಯಾರು ಮಾಡಬೇಡವೆ?

ಸಭೆಯಿಂದ ಎರಡು ಚೀಟಿ ಬಂದಿವೆ. ಒಬ್ಬರು ಕೇಳಿದ್ದಾರೆ: "ಮೊದಲು ತಾಯಿತಂದೆಗೆ ಹೇಳಬೇಕೋ, ಪೋಲೀಸರಿಗೋ?" ಮಗು ಹೇಳಿದ ಹೆಸರು ಮನೆಯೊಳಗಿನದಲ್ಲದಿದ್ದರೆ ತಾಯಿಗೆ ಹೇಳಿ, ಅವಳನ್ನು ಜೊತೆಗೆ ಕರೆದುಕೊಂಡೇ ಮುಂದುವರಿಯಿರಿ. ಅವಳ ಮೇಲೆ ರೇಗಬೇಡಿ. ಅವಳ ಎದೆಯೂ ಒಡೆದಿರುತ್ತದೆ. ಮನೆಯೊಳಗಿನ ಹೆಸರೇ ಆದರೆ, ಅಪ್ಪ, ಚಿಕ್ಕಪ್ಪ, ಅಜ್ಜ ಯಾರೇ ಆಗಲಿ, ಮಗುವನ್ನು ಮನೆಗೆ ಕಳಿಸುವ ಮೊದಲೇ 1098ಕ್ಕೆ ಫೋನು ಮಾಡಿ. ಮಗು ಆ ರಾತ್ರಿ ಎಲ್ಲಿ ಮಲಗಬೇಕೆಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ನಿರ್ಧರಿಸಲಿ. ಎರಡರಲ್ಲಿ ಯಾವುದಾದರೂ ಸರಿ, ತಿಳಿಸುವ ಕರ್ತವ್ಯಕ್ಕೆ ತಾಯಿತಂದೆಯ ಒಪ್ಪಿಗೆ ಬೇಕೆಂದು ಕಾಯಿದೆ ಹೇಳಿಲ್ಲ.

ಇನ್ನೊಂದು ಚೀಟಿ ಒಬ್ಬ ಸಹಾಯಕಿಯದು: "ಹೇಳಿದ ಮಗುವೇ ಮರುದಿನ ಇಲ್ಲ, ಸುಳ್ಳು ಹೇಳಿದೆ ಅಂದರೆ ಏನು ಮಾಡಬೇಕು?" ಇದು ಆಗುವಂಥದೇ. ರಾತ್ರಿ ಮನೆಯಲ್ಲಿ ಏನು ನಡೆಯಿತೋ, ಯಾರು ಏಟು ಕೊಟ್ಟರೋ, ಯಾರ ತಾಯಿ ಅತ್ತಳೋ. ಮಾತು ಹಿಂತೆಗೆದುಕೊಂಡ ಮಾತ್ರಕ್ಕೆ ಮೊದಲು ಹೇಳಿದ್ದು ಸುಳ್ಳಾಗುವುದಿಲ್ಲ. ಅದನ್ನೂ ಅದೇ ನೋಟ್‌ಬುಕ್ಕಿನಲ್ಲಿ, ಅದೇ ರೀತಿ, ಮಗುವಿನ ಮಾತಿನಲ್ಲೇ ಬರೆಯಿರಿ. ನಿಜ ಯಾವುದೆಂದು ಮಗುವನ್ನು ಅಡ್ಡಪ್ರಶ್ನೆ ಹಾಕಿ ಕಾಡಬೇಡಿ. ಎರಡು ಮಾತನ್ನೂ ಮುಟ್ಟಿಸಬೇಕಾದವರಿಗೆ ಮುಟ್ಟಿಸಿ. ಮತ್ತೆ ಎಂದಿನಂತೆ ತಟ್ಟೆ ಹಾಕಿ ಅನ್ನ ಬಡಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.